ಅಗಲ ಹೆಚ್ಚಾದ್ರೆ ಗ್ರಿಪ್ ಹೆಚ್ಚಾ? ನಮ್ಮ ಮನೆಯವರ ಮೆಸೇಜ್ ಗುಂಪು ‘ದೊಡ್ಮನೆ ಬಳಗ’ದಲ್ಲಿ ಟೈರ್ ಚರ್ಚೆ

ತಮ್ಮ (ಶಿವಮೊಗ್ಗ): ಫಾರ್ವರ್ಡ್ ಆಗಿ ಬಂದಿದ್ದು 👇
“ಸ್ಪೋರ್ಟಿ ಕಾರ್ ಇರೋರು ತಪ್ಪದೆ ಓದಿ! ಟೈರ್ ಎಷ್ಟು ಅಗಲ ಇದ್ರೆ ರಸ್ತೆಗೆ ಅಷ್ಟು ಕಚ್ಚುತ್ತೆ. ಮಳೆಗಾಲದಲ್ಲಿ ಗಾಳಿ 25ಕ್ಕೆ ಇಳಿಸಿ, ಗ್ರಿಪ್ ಹೆಚ್ಚುತ್ತೆ. ವೈ ಅಕ್ಷರ ಇರೋ ಟೈರೇ ಬೆಸ್ಟ್. ನೈಟ್ರೋಜನ್ ಕಡ್ಡಾಯ. ಎರಡೇ ಟೈರ್ ಬದಲಾಯಿಸೋದಾದ್ರೆ ಹೊಸದು ಮುಂದಕ್ಕೆ. ಎಲ್ಲ ಗುಂಪಿಗೂ ಕಳಿಸಿ.”

ತಮ್ಮ: ನಾನೂ ಇದೇ ಯೋಚನೆಲಿದ್ದೆ. ಐ20 ಎನ್ ಲೈನ್‌ಗೆ 17 ಇಂಚಿನ ಅಲಾಯ್ ಚಕ್ರ, 215/45 ಟೈರ್ (ಅಗಲ 215 ಮಿ.ಮೀ., ಪಕ್ಕದ ಗೋಡೆ ಅದರ ಶೇ. 45) ನೋಡಿ ಇಟ್ಟಿದೀನಿ. ಶುಕ್ರವಾರ ಸಂಜೆ ಹಾಕ್ಸಿ ಶನಿವಾರ ಬೆಳಿಗ್ಗೆ ಅಮ್ಮನ್ನ ಕರ್ಕೊಂಡು ಆಗುಂಬೆ ಇಳಿದು ಉಡುಪಿಗೆ 🔥

ತೀರ್ಥಹಳ್ಳಿ ಚಿಕ್ಕಪ್ಪ: ನಾಲ್ಕೂ ಯಾಕೋ? ಮುಂದಿಂದೆರಡು ಮಾತ್ರ ಸವೆದಿದೆ ಅಂದಿದ್ದೆ. ಎರಡು ಹೊಸದು ತಗೊಂಡು ಮುಂದಕ್ಕೆ ಹಾಕು. ಎಳೆಯೋದು ಮುಂದಿನ ಗಾಲಿ, ಸ್ಟೇರಿಂಗ್ ಇರೋದೂ ಮುಂದೆ.

ಕೊಪ್ಪ ಭಾವ: 17 ಇಂಚು ಅಂದ್ರೆ ಅಲಾಯ್ ಖರ್ಚು ಬೇರೆ. ಅದರ ಬದಲು ಟ್ರೆಡ್‌ವೇರ್ 500 ಇರೋದು ಹಾಕ್ಸು, ಬಹಳ ವರ್ಷ ಬಾಳಿಕೆ ಬರುತ್ತೆ.

ನಾನು (ಅಕ್ಕ, ಸಾಗರ): ಸ್ವಲ್ಪ ತಡಿಯೋ. ಈಗಿರೋ ಟೈರಿನ ಫೋಟೋ ಹಾಕು. ಮುಂದಿಂದೆರಡು, ಒಳಗಿನ ಅಂಚು ಕಾಣೋ ಹಾಗೆ. ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಗೋಡೆ ಮೇಲೆ ಡಾಟ್ ಅಂತ ಇರೋ ಸಾಲಿನ ಕೊನೇ ನಾಲ್ಕು ಅಂಕಿನೂ ಬರ್ಲಿ.

ತಮ್ಮ: 📷 📷 📷
ನಾಲ್ಕು ಅಂಕಿ 3121.

ನಾನು: ಅಂದ್ರೆ 2021ರ 31ನೇ ವಾರದಲ್ಲಿ ತಯಾರಾಗಿದ್ದು, ಕಾರಿನ ಜೊತೆಗೇ ಬಂದ ಟೈರ್. ಬಟನ್ (ನೆಲ ಮುಟ್ಟೋ ಕಡೆಯ ಉಬ್ಬು) ಎಷ್ಟೇ ಉಳಿದಿದ್ರೂ ರಬ್ಬರ್ ಗಟ್ಟಿಯಾಗಿರುತ್ತೆ. ಬಿಸಿಲಲ್ಲಿ ನಿಂತು, ಬಿಸಿಯಾಗಿ, ತಣ್ಣಗಾಗಿ ಅದರ ಮೃದುತ್ವ ಹೋಗ್ತಾ ಬರುತ್ತೆ. ಮೊದ್ಲು ಹೋಗೋದು ಒದ್ದೆ ರಸ್ತೆಲಿ ಹಿಡಿಯೋ ಗುಣನೇ.

ಇನ್ನೊಂದು ನೋಡು. ಮುಂದಿನ ಎರಡೂ ಟೈರು ಒಳಗಿನ ಅಂಚಲ್ಲೇ ಜಾಸ್ತಿ ಸವೆದಿವೆ. ಅದು ಟೈರಿನ ತಪ್ಪಲ್ಲ. ಟೋ, ಅಂದ್ರೆ ಮುಂದಿನ ಗಾಲಿಗಳ ದಿಕ್ಕು, ಹೊರಗೆ ತಿರುಗಿದೆ, ಇಲ್ಲಾ ಸಸ್ಪೆನ್ಷನ್ ಕೀಲಿನ ರಬ್ಬರ್ ಬುಷ್ ಸಡಿಲಾಗಿದೆ. ಅದನ್ನ ಸರಿ ಮಾಡದೆ ಯಾವ ಟೈರ್ ಹಾಕಿದ್ರೂ ಆ ಅಂಚು ಹಿಂಗೇ ಹೋಗುತ್ತೆ. ತಿರುವಲ್ಲಿ ಮೂತಿ ಚುರುಕಾಗಿ ಒಳಗೆ ಬರ್ತಿಲ್ಲ ಅಂತ ಹೋದ ತಿಂಗಳು ಹೇಳ್ತಿದ್ಯಲ್ಲ, ಅದಕ್ಕೂ ಸಡಿಲ ಬುಷ್ ಕಾರಣ ಇರಬಹುದು. ಮೊದಲು ಅಡಿ ತಪಾಸಣೆ, ಆಮೇಲೆ ಟೈರ್, ಆಮೇಲೆ ಅಲೈನ್‌ಮೆಂಟ್, ಅಂದ್ರೆ ಗಾಲಿಗಳ ದಿಕ್ಕು ಸರಿ ಮಾಡೋದು.

ತಮ್ಮ: ಅಕ್ಕಾ ಅಲೈನ್‌ಮೆಂಟ್ ಮಾಡ್ಸೋಣ. ಆದ್ರೆ 215 ಯಾಕೆ ಬೇಡ? ಅಗಲ ಟೈರ್ ಅಂದ್ರೆ ಜಾಸ್ತಿ ರಬ್ಬರ್ ನೆಲಕ್ಕೆ. ಎಲ್ಲ ರೇಸ್ ಕಾರಿಗೂ ಅಗಲದ್ದೇ ಇರೋದು.

ನಾನು: ಇಲ್ಲೇ ಎಲ್ಲರೂ ಎಡವೋದು, ಹಾಗಾಗಿ ಉದ್ದಕ್ಕೆ ಬರೀತೀನಿ, ಓದು.

ಒಂದು ಗಾಲಿ ಮೇಲೆ 350 ಕೆಜಿ ಭಾರ, ಗಾಳಿ 33 ಪಿಎಸ್‌ಐ ಅಂತ ಇಟ್ಕೋ. 33 ಪಿಎಸ್‌ಐ ಅಂದ್ರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕೆಜಿ. ಭಾಗಿಸಿದ್ರೆ 150 ಚದರ ಸೆಂ.ಮೀ. ಆಸುಪಾಸು. ಒಂದು ಅಂಗೈ ಅಗಲ. ಟೈರ್ ಅಗಲ ಈಗಿರೋ 195 ಮಿ.ಮೀ. ಇರ್ಲಿ, 215 ಇರ್ಲಿ, ಭಾರ ಅಷ್ಟೇ, ಗಾಳಿ ಅಷ್ಟೇ, ಹಾಗಾಗಿ ನೆಲ ಮುಟ್ಟೋ ಜಾಗನೂ ಹೆಚ್ಚುಕಡಿಮೆ ಅಷ್ಟೇ. ಬದಲಾಗೋದು ಅದರ ಆಕಾರ. 195ರಲ್ಲಿ ಉದ್ದಕ್ಕೆ, 215ರಲ್ಲಿ ಅಡ್ಡಕ್ಕೆ.

ಒಣ ರಸ್ತೆಲಿ ಅಡ್ಡ ಆಕಾರ ಒಳ್ಳೇದೇ, ಅದನ್ನ ನಾನು ಇಲ್ಲ ಅನ್ನಲ್ಲ. ಸ್ಟೇರಿಂಗ್ ತಿರುಗಿಸಿದ ಕೂಡ್ಲೇ ಕಾರು ತಿರುಗುತ್ತೆ, ಸೈಡ್‌ವಾಲ್ ಕಮ್ಮಿ ಇರೋದ್ರಿಂದ ಬಾಗೋದೂ ಕಮ್ಮಿ. ಆದ್ರೆ ನೀರು ನಿಂತ ರಸ್ತೆಲಿ ಟೈರ್ ಮೊದಲು ನೀರನ್ನ ಪಕ್ಕಕ್ಕೆ ತಳ್ಳಬೇಕು, ಆಮೇಲೆ ನೆಲ ಹಿಡೀಬೇಕು. ಎದುರಿಗೆ ಅಗಲ ಜಾಸ್ತಿ ಆದಷ್ಟೂ ತಳ್ಳಬೇಕಾದ ನೀರು ಜಾಸ್ತಿ. ತಳ್ಳೋಕೆ ಆಗ್ಲಿಲ್ಲ ಅಂದ್ರೆ ಟೈರ್ ನೀರಿನ ಮೇಲೆ ತೇಲುತ್ತೆ. ಆಗ ಸ್ಟೇರಿಂಗ್ ಹಗುರಾಗುತ್ತೆ, ಬ್ರೇಕ್ ಹಾಕಿದ್ರೂ ಅಷ್ಟೇ ಬಿಟ್ರೂ ಅಷ್ಟೇ.

ಅದೇ ಮಾತಿಗೆ ಆ ಫಾರ್ವರ್ಡಿನ “ಗಾಳಿ 25ಕ್ಕೆ ಇಳಿಸಿ” ಅನ್ನೋದು ಅಪಾಯದ ಸಲಹೆ. ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರ್ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕೊಟ್ಟಿದಾರೆ. ಗಾಳಿಯ ಒತ್ತಡದ ವರ್ಗಮೂಲಕ್ಕೆ ಸರಿಯಾಗಿ ತೇಲೋ ವೇಗ ಏರುತ್ತೆ, ಇಳಿಯುತ್ತೆ. ನೀರು ಚೆನ್ನಾಗಿ ನಿಂತ ಕಡೆ ಬಟನ್ ಸವೆದ ಟೈರಿಗೆ 32 ಪಿಎಸ್‌ಐ ಇದ್ರೆ ಸುಮಾರು 94 ಕಿ.ಮೀ. ವೇಗಕ್ಕೆ ತೇಲುತ್ತೆ ಅಂತ ಬರುತ್ತೆ. 25ಕ್ಕೆ ಇಳಿಸಿದ್ರೆ 83ಕ್ಕೇ. ಗಾಳಿ ಇಳಿಸಿ ಗ್ರಿಪ್ ಪಡೆಯೋದು ಮರಳಲ್ಲಿ, ಕೆಸರಲ್ಲಿ ಸರಿ. ಡಾಂಬರಿನ ಮೇಲೆ ನಿಂತ ನೀರಲ್ಲಿ ಪೂರ್ತಿ ಉಲ್ಟಾ. ಡ್ರೈವರ್ ಬಾಗಿಲ ಹತ್ರ ಅಂಟಿಸಿರೋ ಸ್ಟಿಕ್ಕರ್‌ನಲ್ಲಿ ಎಷ್ಟಿದೆಯೋ ಅಷ್ಟು, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ.

ಕೊಪ್ಪ ಭಾವ: ಆಗುಂಬೆ ಘಾಟೀಲಿ ಯಾರು 94ರಲ್ಲಿ ಹೋಗ್ತಾರೆ ಮಾರಾಯ್ತಿ? ಹೇರ್‌ಪಿನ್‌ನಲ್ಲಿ 20ಕ್ಕೇ ಎರಡನೇ ಗೇರ್‌ ಬೇಕಾಗುತ್ತೆ.

ನಾನು: ಸರಿಯಾದ ಪ್ರಶ್ನೆ ಭಾವ. ನಮ್ಮ ಕಡೆ ಎರಡು ತರದ ಒದ್ದೆ ಇದೆ. ಒಂದು ಬಿ.ಎಚ್. ರಸ್ತೆಲಿ, ಭದ್ರಾವತಿ ಕಡೆ, ಘಾಟಿ ಇಳಿದ ಮೇಲೆ ಕರಾವಳಿ ಹೆದ್ದಾರೀಲಿ ನೇರಕ್ಕೆ ಓಡೋವಾಗ ನಿಂತಿರೋ ನೀರು. ಅಲ್ಲಿ ಬಟನ್ ಆಳ, ಅಗಲ, ಗಾಳಿ ಮುಖ್ಯ. ಇನ್ನೊಂದು ಘಾಟಿ. ಅಲ್ಲಿ ವೇಗ ಇಲ್ಲ, ನೀರೂ ನಿಲ್ಲಲ್ಲ, ಇಳಿಜಾರಲ್ಲಿ ಹರಿದು ಹೋಗುತ್ತೆ. ಆದ್ರೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳೋ ಜಾಗ ಅದು, ಮರದ ನೆರಳು, ಜೂನಿಂದ ಸೆಪ್ಟೆಂಬರ್ ತನಕ ರಸ್ತೆ ಅಂಚು ಒಣಗೋದೇ ಇಲ್ಲ. ಪಾಚಿ, ಕೊಳೆತ ಎಲೆ, ಧರೆಯಿಂದ ಇಳಿದ ಕೆಂಪು ಮಣ್ಣು. ಹುಲಿಕಲ್ ಘಾಟೀಲೂ ಇದೇ ಕತೆ. ಅಲ್ಲಿ ನಿಮ್ಮನ್ನ ಹಿಡಿಯೋದು ರಬ್ಬರಿನ ಗುಣ, ಅಂಗಡಿಯವರು ಕಾಂಪೌಂಡ್ ಅಂತಾರಲ್ಲ ಅದು. ರಬ್ಬರಿಗೆ ಸಿಲಿಕಾ ಹಾಕೋ ವಿದ್ಯೆ 1990ರ ದಶಕದಿಂದ ಕಾರಿನ ಟೈರಿಗೆ ಬಂದಿದ್ದು, ಒದ್ದೆಲಿ ಹಿಡಿತ ಹೆಚ್ಚಿಸಿದ ದೊಡ್ಡ ಬದಲಾವಣೆ ಅದು. ಗಟ್ಟಿ ಕಾಂಪೌಂಡಿನ 215ಕ್ಕಿಂತ ಒಳ್ಳೇ ಕಾಂಪೌಂಡಿನ 195 ಆ 14 ಹೇರ್‌ಪಿನ್‌ನಲ್ಲಿ ಎಷ್ಟೋ ಮೇಲು.

ಟ್ರೆಡ್‌ವೇರ್ ಅಂಕಿ ವಿಷಯ. ಅದು ಸವೆತದ ಅಂಕಿ, ಹಿಡಿತದ್ದಲ್ಲ. 100 ಅನ್ನೋ ಮಾದರಿ ಟೈರಿಗೆ ಹೋಲಿಸಿ ಕಂಪನಿಯವರೇ ಹಾಕ್ಕೊಳ್ಳೋದು, ಹಾಗಾಗಿ ಒಂದು ಕಂಪನಿಯ 400ನ ಇನ್ನೊಂದು ಕಂಪನಿಯ 400ರ ಜೊತೆ ತೂಗೋಕೆ ಬರಲ್ಲ. 200ರ ಹತ್ರ ಇರೋದು ಟ್ರ್ಯಾಕಿಗೆ. ಅದು ಬೇಡ, ಬೇಗ ಮುಗಿಯುತ್ತೆ. 500 ಅಂದ್ರೆ ಬಾಳಿಕೆಗೆ ಅಂತ್ಲೇ ಮಾಡಿದ್ದು ಸಾಮಾನ್ಯವಾಗಿ. ಇವನ ಕಾರು 120 ಪಿಎಸ್ ಶಕ್ತಿ, 172 ಎನ್‌ಎಂ ತಿರುಗುಬಲ, ಮುಂದಿನ ಗಾಲಿ ಎಳೆತ. ಬಾಳಿಕೆ ಅಂತ ಗಟ್ಟಿ ರಬ್ಬರ್ ಹಾಕಿದ್ರೆ ಒದ್ದೆ ಏರಲ್ಲಿ ಗಾಲಿ ತಿರುಗುತ್ತೆ, ಕಾರು ಮುಂದೆ ಹೋಗಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ನಾವು ಅಂಬಾಸಿಡರ್‌ಗೆ ಮೈಸೂರಿನ ವಿಕ್ರಾಂತ್ ಟೈರ್ ಹಾಕ್ಕೊಂಡು ಇದೇ ಘಾಟಿ ಹತ್ತಿ ಇಳಿದವರು. ಆಗ ಕಾಂಪೌಂಡ್ ಯಾರು ಕೇಳಿದ್ರು?

ನಾನು: ವಿಕ್ರಾಂತ್ ಒಳ್ಳೇ ಹೆಸರು ಚಿಕ್ಕಪ್ಪ. 1997ರಲ್ಲಿ ಜೆ.ಕೆ. ಟೈರ್‌ನವರು ತಗೊಂಡ ಮೇಲೂ ಮೈಸೂರಲ್ಲಿ ಟೈರ್ ತಯಾರಾಗ್ತಾನೇ ಇದೆ. ಆದ್ರೆ ನೀವು ಅಂಬಾಸಿಡರ್ ಓಡಿಸ್ತಿದ್ದ ವೇಗಕ್ಕೆ ಇವನು ಓಡಿಸ್ತಾನಾ ಹೇಳಿ. ನಿಮ್ಮ ಕೈಯ ತಾಳ್ಮೆನೇ ಅರ್ಧ ಗ್ರಿಪ್ ಆಗಿತ್ತು. ಇದನ್ನ ಮನಸಾರೆ ಹೇಳ್ತಿದೀನಿ.

ನೀವು “ಹೊಸದು ಮುಂದಕ್ಕೆ” ಅಂದಿದ್ರಲ್ಲ, ಅದನ್ನ ಮಾತ್ರ ಒಪ್ಪೋಕಾಗಲ್ಲ. ಎರಡೇ ಹೊಸದು ಅಂದ್ರೆ ಅವು ಹಿಂದಕ್ಕೆ ಹೋಗ್ಬೇಕು, ಮುಂದಿನ ಗಾಲಿ ಎಳೆಯೋ ಕಾರಾದ್ರೂ ಸರಿ. ಟೈರ್ ಕಂಪನಿಗಳೂ ಇದನ್ನೇ ಹೇಳೋದು. ಮುಂದಿಂದು ಜಾರಿದ್ರೆ ಕಾರು ನೇರಕ್ಕೆ ಹೋಗೋಕೆ ನೋಡುತ್ತೆ, ಸ್ಟೇರಿಂಗಲ್ಲಿ ಕೈಗೆ ಗೊತ್ತಾಗುತ್ತೆ, ಆಕ್ಸಿಲರೇಟರ್ ಬಿಟ್ರೆ ಸಾಮಾನ್ಯವಾಗಿ ವಾಪಸ್ ಹಿಡಿಯುತ್ತೆ. ಹಿಂದಿಂದು ಜಾರಿದ್ರೆ ಕಾರಿನ ಬಾಲ ಸುತ್ತುತ್ತೆ. ಅದೂ ಘಾಟಿ ಇಳೀತಾ ಬ್ರೇಕ್ ಒತ್ತಿದಾಗ ಭಾರ ಹೆಚ್ಚಾಗಿ ಮುಂದಕ್ಕೆ ಬಂದಿರುತ್ತೆ, ಹಿಂದಿನ ಗಾಲಿ ಹಗುರಾಗಿರುತ್ತೆ. ಆ ಹೊತ್ತಲ್ಲಿ ಹಿಂದೆ ಸವೆದ ಟೈರ್ ಇದ್ರೆ ಒಂದು ಕಡೆ ಗೋಡೆ, ಒಂದು ಕಡೆ ಕಣಿವೆ. ಇಎಸ್‌ಸಿ ಇದೆ ಅಂತೀರಿ. ಇಎಸ್‌ಸಿ ಒಂದೊಂದು ಗಾಲಿಗೆ ಬೇರೆ ಬೇರೆ ಬ್ರೇಕ್ ಹಾಕಿ ಕಾರನ್ನ ನೆಟ್ಟಗೆ ಮಾಡೋಕೆ ನೋಡುತ್ತೆ. ಟೈರಲ್ಲಿ ಇರೋ ಹಿಡಿತ ಬಳಸ್ಕೊಳ್ಳುತ್ತೆ ಅಷ್ಟೇ, ಹೊಸ ಹಿಡಿತ ಹುಟ್ಟಿಸಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ಇದು ನನಗೆ ಯಾರೂ ಹೇಳಿರ್ಲಿಲ್ಲ. ನಮ್ಮ ಜೀಪಿನ ಲೆಕ್ಕನೂ ನೋಡ್ಬೇಕಾಯ್ತು.

ಅಮ್ಮ: ಅಷ್ಟೆಲ್ಲ ಅಪಾಯ ಇದ್ರೆ ನಾನು ಬಸ್ಸಲ್ಲೇ ಹೋಗ್ತೀನಿ ಕಣ್ರೋ.

ತಮ್ಮ: ಅಮ್ಮಾ ಬೇಡ, ನಾನೇ ಕರ್ಕೊಂಡು ಹೋಗ್ತೀನಿ. ಅಕ್ಕ, ನಾಲ್ಕೂ ಹೊಸದು ಹಾಕೋದು ಖಚಿತ. ಆದ್ರೆ 215/45 ಆರ್17 ಹಾಕಿದ್ರೆ ಸುತ್ತಳತೆ ಹೆಚ್ಚುಕಡಿಮೆ ಒಂದೇ ಇರುತ್ತೆ, ನಾನೂ ಲೆಕ್ಕ ಹಾಕಿದೀನಿ. ಸ್ಪೀಡೋಮೀಟರ್ ಕೆಡಲ್ಲ.

ನಾನು: ನಿನ್ನ ಲೆಕ್ಕ ಸರಿ ಇದೆ. 195/55 ಆರ್16ರ ವ್ಯಾಸ 621 ಮಿ.ಮೀ., 215/45 ಆರ್17ದು 625. ಶೇ. 1ರ ಒಳಗೇ ಇದೆ. ನನ್ನ ತಕರಾರು ಸೈಡ್‌ವಾಲ್ ಬಗ್ಗೆ. ಈಗ ರಿಮ್‌ಗೂ ನೆಲಕ್ಕೂ ನಡುವೆ 107 ಮಿ.ಮೀ. ರಬ್ಬರ್ ಇದೆ. ಅದು 97 ಆಗುತ್ತೆ. ಮಳೆಗಾಲದಲ್ಲಿ ಗುಂಡಿ ತುಂಬ ನೀರು, ಆಳ ಎಷ್ಟು ಅಂತ ಕಾಣಲ್ಲ. ಆ 10 ಮಿ.ಮೀ. ಇಲ್ದಿದ್ರೆ ರಿಮ್ ಬಗ್ಗುತ್ತೆ, ಇಲ್ಲ ಸೈಡ್‌ವಾಲ್ ಒಳಗಿನ ದಾರ ಕಡಿದು ಗುಬುಟು ಏಳುತ್ತೆ. ಗುಬುಟು ಎದ್ದ ಟೈರ್ ರಿಪೇರಿ ಆಗಲ್ಲ, ಬಿಸಾಕಬೇಕು. ಜೊತೆಗೆ 17ರ ಅಲಾಯ್ ಸಾಮಾನ್ಯವಾಗಿ ತೂಕ ಜಾಸ್ತಿ. ಗಾಲಿ ಭಾರ ಆದಷ್ಟೂ ಒರಟು ರಸ್ತೆಲಿ ಸಸ್ಪೆನ್ಷನ್‌ಗೆ ಅದನ್ನ ನೆಲಕ್ಕೆ ಒತ್ತಿ ಹಿಡಿಯೋದು ಕಷ್ಟ. ಗಾಲಿ ನೆಲ ಬಿಟ್ಟು ಹಾರಿದ ಕ್ಷಣದಲ್ಲಿ ಎಂಥ ಟೈರ್ ಇದ್ರೂ ಗ್ರಿಪ್ ಸೊನ್ನೆ.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನೋಡೋಕೆ ಹೋಗಿದ್ವಲ್ಲ, ನೆನಪಿದ್ಯಾ? ಅಲ್ಲಿ ಮಣ್ಣಿನ ಹಾದಿಗೆ ಅಗಲದ ಟೈರ್ ಯಾರೂ ಹಾಕಿರ್ಲಿಲ್ಲ. ಚಿಕ್ಕ ರಿಮ್, ಎತ್ತರದ ಸೈಡ್‌ವಾಲ್. ವೇಗಕ್ಕಾಗಿಯೇ ಬದುಕೋ ಜನ ನೆಲ ನೋಡಿ ಟೈರ್ ಆರಿಸ್ತಾರೆ.

ತಮ್ಮ: ಸರಿ. ಹಾಗಿದ್ರೆ ಇದೇ ಅಳತೇಲಿ ಯಾವುದು? ಒಂದು ಅಂಗಡಿಯವರು ಯಾವುದಾದ್ರೂ ಒಂದೇ ಅಂದ್ರು. ನೈಟ್ರೋಜನ್ ಹಾಕಿಸ್ಕೊಳ್ಳಿ ಸಾಕು ಅಂದ್ರು.

ನಾನು: ಮಾಮೂಲಿ ಗಾಳೀಲೇ ನೂರಕ್ಕೆ 78 ಭಾಗ ನೈಟ್ರೋಜನ್. ಬಿಟ್ಟಿ ಹಾಕಿದ್ರೆ ಹಾಕ್ಸು, ಇಲ್ಲಾಂದ್ರೆ ಬಿಡು, ವಾರಕ್ಕೊಮ್ಮೆ ಗಾಳಿ ನೋಡೋದು ಮುಖ್ಯ. ಅಕ್ಷರದ ವಿಷಯನೂ ಅಷ್ಟೇ. ಎಚ್ 210, ವಿ 240, ಡಬ್ಲ್ಯೂ 270, ವೈ 300, ಅಂದ್ರೆ ಗಂಟೆಗೆ ಅಷ್ಟು ಕಿ.ಮೀ. ವೇಗದ ತನಕ ತಡೆಯೋ ಟೈರ್ ಅಂತ ಅರ್ಥ. ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕೆಳಗೆ ಹೋಗ್ಬೇಡ, ಮೇಲಿನ ಅಕ್ಷರಕ್ಕೆ ಸುಮ್ನೆ ದುಡ್ಡು ಸುರೀಬೇಡ. ಲೋಡ್ ಅಂಕಿ 87 ಇರ್ಲಿ, ಒಂದು ಟೈರಿಗೆ 545 ಕೆಜಿ.

ಯಾವುದು ಅಂದ್ರೆ, ಪೈಲಟ್ ಸ್ಪೋರ್ಟ್, ಪೊಟೆಂಜಾ, ಈಗಲ್ ಎಫ್1 ತರದವು ಪೂರ್ತಿ ಸ್ಪೋರ್ಟ್ ಸಾಲು. ನಿನ್ನ ಅಳತೇಲಿ ಸಿಕ್ಕಿದ್ರೆ ಕೇಳು. ಆದ್ರೆ 2020ರ ಜೂನ್‌ನಲ್ಲಿ ಸರ್ಕಾರ ಟೈರ್ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಇಂಥ ಅಳತೆಗಳು ಸಿಗೋದು ಕಷ್ಟ ಆಗಿದೆ. ಸಿಗದಿದ್ರೆ ಪ್ರೈಮಸಿ, ಅಲ್ಟ್ರಾಕಾಂಟ್ಯಾಕ್ಟ್ ಸಾಲಿನಲ್ಲಿ ನೋಡು. ಹೆಸರಲ್ಲಿ ಸ್ಪೋರ್ಟ್ ಇಲ್ಲ ಅಂತ ಬೇಜಾರು ಬೇಡ, ಒದ್ದೆ ರಸ್ತೆಲಿ ಬ್ರೇಕ್ ಹಿಡಿಯೋಕೆ ಒಳ್ಳೇವು. ನಿನಗೆ ಬೇಕಾದ ಚುರುಕು ಅರ್ಧ ಅಲೈನ್‌ಮೆಂಟಿಂದ, ಸರಿಯಾದ ಗಾಳಿಯಿಂದಲೇ ಬರುತ್ತೆ.

ಕೊಪ್ಪ ಭಾವ: ಹಳೇದ್ರಲ್ಲಿ ಹಿಂದಿನ ಎರಡು ಚೆನ್ನಾಗಿದ್ಯಲ್ಲ? ಬಟನ್ ಇನ್ನೂ ಗುರುತಿನ ಗೆರೆಗೆ ಬಂದಿಲ್ಲ.

ನಾನು: ಆ ಗೆರೆ 1.6 ಮಿ.ಮೀ. ಭಾವ. ಅದು ಕಾನೂನಿನ ಕೊನೇ ಮಿತಿ. ಹೊಸ ಟೈರಲ್ಲಿ 8ರ ಆಸುಪಾಸು ಇರುತ್ತೆ. ಮಲೆನಾಡಿನ ಮಳೆಗೆ ನಾನು 3ಕ್ಕೇ ಬದಲಾಯಿಸು ಅಂತೀನಿ, ಯಾಕಂದ್ರೆ ಅಲ್ಲಿಂದ ಕೆಳಗೆ ನೀರು ಹೋಗೋಕೆ ದಾರಿ ಸಾಲಲ್ಲ. ನೀವೂ ಕೊಪ್ಪದಿಂದ ಶೃಂಗೇರಿಗೆ ಮಕ್ಕಳನ್ನ ಕೂರಿಸ್ಕೊಂಡು ಹೋಗೋರು. ಒಂದ್ಸಲ ನಿಮ್ಮ ಟೈರಿಂದೂ ಅಳೀರಿ, ದಯವಿಟ್ಟು.

ಕೊಪ್ಪ ಭಾವ: ಆಯ್ತು, ಭಾನುವಾರ ಅಳೀತೀನಿ.

ತಮ್ಮ: ಅಕ್ಕ, ಅಲಾಯ್ ಆಸೆ ನಾನು ಪೂರ್ತಿ ಬಿಟ್ಟಿಲ್ಲ. ದೀಪಾವಳಿ ಕಳೆದು ರಸ್ತೆ ಒಣಗಿದ ಮೇಲೆ ಮತ್ತೆ ಕೇಳ್ತೀನಿ. ಈಗ 195/55 ಆರ್16, ನಾಲ್ಕು. ಶುಕ್ರವಾರ ಹಾಕ್ಸಲಾ?

ನಾನು: ಶುಕ್ರವಾರ ಬೇಡ, ನಾಳೆನೇ ಹೋಗು. ಹೊಸ ಟೈರ್ ಮೇಲೆ ಅಚ್ಚಿಂದ ಬಿಡಿಸೋಕೆ ಹಚ್ಚಿದ ಜಿಡ್ಡಿನ ಪದರ ಇರುತ್ತೆ, ಅದು ಸವೆಯೋಕೆ ಕೆಲವು ನೂರು ಕಿ.ಮೀ. ಬೇಕು. ಅಮ್ಮನ್ನ ಕೂರಿಸ್ಕೊಂಡು ಘಾಟೀಲಿ ಸವೆಸೋದಲ್ಲ. ನಾಳೆ ಹಾಕ್ಸಿ, ಮರುದಿನ ಸಾಗರಕ್ಕೆ ಬಂದು ಹೋಗು, ನಿಧಾನಕ್ಕೆ, ಗಡಬಡ ಬ್ರೇಕ್ ಇಲ್ದೆ. ಊಟ ಇಲ್ಲೇ. ಅಂಗಡೀಲಿ ನಾಲ್ಕೂ ಟೈರಿನ ವಾರ-ವರ್ಷ ನೋಡಿ ತಗೋ, ಒಂದು ಹಳೇದು ಬೆರೆಸಿ ಕೊಡೋದಿದೆ. ಔಟ್‌ಸೈಡ್ ಅಂತ ಬರೆದ ಮಗ್ಗುಲು ಹೊರಗೇ ಬಂದಿದೆಯಾ ನೋಡು. ಅಲೈನ್‌ಮೆಂಟ್ ಕಾಗದದಲ್ಲಿ ಮೊದಲಿನ ಟೋ, ಆಮೇಲಿನ ಟೋ ಎರಡೂ ಪ್ರಿಂಟ್ ಮಾಡಿಸ್ಕೊಂಡು ಫೋಟೋ ಇಲ್ಲಿ ಹಾಕು.

ತಮ್ಮ: 👍 ಹಾಕ್ತೀನಿ. ಆ ಫಾರ್ವರ್ಡ್ ಬೇರೆ ಎರಡು ಗುಂಪಿಗೂ ಕಳಿಸಿಬಿಟ್ಟಿದ್ದೆ, ಡಿಲೀಟ್ ಮಾಡ್ತೀನಿ.

ನಾನು: ಡಿಲೀಟ್ ಮಾಡಿದ್ರೆ ಸಾಲಲ್ಲ, ಗಾಳಿ 25ಕ್ಕೆ ಇಳಿಸ್ಬೇಡಿ ಅಂತ ಅಲ್ಲೂ ಬರಿ. ಈಗ್ಲೇ.