ಪದಚರ್ಚೆ: ಬೋರ್ಡಿಗೆ ಹಿಡಿಯುವುದು ತುಕ್ಕೋ ಕಿಲುಬೋ?

ಬಳಗದವರಿಗೆ ನಮಸ್ಕಾರ.

ಕಮೊಡೋರ್ ಕಂಪನಿ 1991ರಲ್ಲಿ ತಂದ ಅಮಿಗಾ 500 ಪ್ಲಸ್ ಕಂಪ್ಯೂಟರಿನ ರಿಪೇರಿ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಈ ಯಂತ್ರದಲ್ಲಿ ಗಡಿಯಾರ ನಿಲ್ಲದಿರಲೆಂದು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಮದರ್‌ಬೋರ್ಡಿನ ಮೇಲೆಯೇ ಬೆಸೆದಿದ್ದಾರೆ. ಮೂವತ್ತು ವರ್ಷ ದಾಟಿದ ಮೇಲೆ ಅದು ಸೋರದೆ ಉಳಿದಿರುವುದು ಅಪರೂಪ. ಆ ಭಾಗದ ಕರಡು ಹೀಗಿದೆ (ಟ್ರ್ಯಾಕು ಎಂದರೆ ಬೋರ್ಡಿನ ಮೇಲೆ ಕರೆಂಟ್ ಹರಿಯುವ ತಾಮ್ರದ ಗೆರೆ):

“ಬ್ಯಾಟರಿಯ ಆಸಿಡ್ ಸೋರಿ ಟ್ರ್ಯಾಕುಗಳಿಗೆ ತುಕ್ಕು ಹಿಡಿದಿದ್ದರೆ, ತೊಳೆದು, ಕೆರೆದು, ತವರ ಲೇಪಿಸಿ, ಒಣ ಬೆಸುಗೆಗಳನ್ನು ಸರಿಪಡಿಸಿ, ನಿರಂತರತೆಯನ್ನು ಪರೀಕ್ಷಿಸಿ.”

ಓದಿದವರು ‘ತುಕ್ಕು’ ಬೇಡ ಎಂದರು. ಅದರ ಬದಲು ‘ಸಂಕ್ಷಾರಣ’, ‘ನಶಿಸುವಿಕೆ’ ಎಂಬ ಸಲಹೆಗಳು ಬಂದವು. ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕೂತವರಿಗೆ ಇವೆರಡೂ ದೂರದ ಮಾತುಗಳು. ‘ಒಣ ಬೆಸುಗೆ’, ‘ನಿರಂತರತೆ’ಗಳ ಬಗ್ಗೆಯೂ ಸಮಾಧಾನವಿಲ್ಲ. ಕೆಲಸ ಬಲ್ಲವರು ಏನನ್ನುತ್ತಾರೆ?

—

ನಮಸ್ಕಾರ.

ತುಕ್ಕು ಹಿಡಿಯುವುದು ಕಬ್ಬಿಣಕ್ಕೆ. ತಾಮ್ರ, ಹಿತ್ತಾಳೆ, ಕಂಚಿಗೆ ಹಿಡಿಯುವುದು ಕಿಲುಬು. ಪೂಜೆಯ ತಾಮ್ರದ ತಂಬಿಗೆಯನ್ನು ನಾಲ್ಕು ವಾರ ಬೆಳಗದೆ ಬಿಟ್ಟರೆ ‘ಕಿಲುಬು ಕಟ್ಟಿದೆ’ ಎನ್ನುತ್ತೇವೆಯೇ ಹೊರತು ತುಕ್ಕು ಎನ್ನುವುದಿಲ್ಲ. ಬೋರ್ಡಿನ ಟ್ರ್ಯಾಕು ತಾಮ್ರದ್ದೇ, ಅದರ ಮೇಲೆ ಕಾಣುವ ಹಸಿರು-ನೀಲಿ ಮಡ್ಡಿಯೂ ತಂಬಿಗೆಯ ಮಡ್ಡಿಯ ಜಾತಿಯದೇ. ಇಷ್ಟು ಖಚಿತವಾದ ಪದ ಅಡುಗೆಮನೆಯಲ್ಲೇ ಇರುವಾಗ ‘ಸಂಕ್ಷಾರಣ’ ಯಾಕೆ? ಅದೇ ಯಂತ್ರದ ತಗಡಿನ ಕವಚಕ್ಕೂ ಸ್ಕ್ರೂಗಳಿಗೂ ಹಿಡಿದದ್ದು ಮಾತ್ರ ತುಕ್ಕು. ಎರಡನ್ನೂ ಬೇರೆಬೇರೆ ಹೆಸರಿನಿಂದಲೇ ಕರೆಯಿರಿ, ಯಾವುದಕ್ಕೆ ಏನು ಮಾಡಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ. ಮೂರನೆಯದೂ ಒಂದಿದೆ. ಸೋರಿದ ರಸ ಸೋಲ್ಡರನ್ನೂ ಹಾಳುಮಾಡುತ್ತದೆ, ಅಲ್ಲಿ ಹಸಿರು ಇರುವುದಿಲ್ಲ, ಹೊಳಪು ಹೋಗಿ ಬೂದಿಬಣ್ಣ ಬರುತ್ತದೆ. ಅದಕ್ಕೆ ‘ಮಂಕಾದ ಸೋಲ್ಡರ್’ ಸಾಕು.

ನಿಜವಾಗಿ ಅಪಾಯ ತರುವ ತಪ್ಪು ನಿಮ್ಮ ಸಾಲಿನ ಎರಡನೆಯ ಪದದಲ್ಲಿದೆ. ಈ ಬ್ಯಾಟರಿಯೊಳಗೆ ಆಸಿಡ್ ಇಲ್ಲ. ಅಲ್ಲಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕಟುವಾದ ಕ್ಷಾರ. ಕಾರಿನ ಬ್ಯಾಟರಿಯ ಅಭ್ಯಾಸದಿಂದ ಎಲ್ಲವನ್ನೂ ‘ಆಸಿಡ್’ ಎನ್ನುವುದು ರೂಢಿ. ಆದರೆ ಕೈಪಿಡಿಯಲ್ಲಿ ಆಸಿಡ್ ಎಂದು ಓದಿದವರು ಅಡುಗೆ ಸೋಡ ತಂದು ಉಜ್ಜುತ್ತಾರೆ. ಕ್ಷಾರದ ಮೇಲೆ ಸೋಡ ಉಜ್ಜಿದರೆ ಏನೂ ಶಮನವಾಗುವುದಿಲ್ಲ, ರಸ ಬೋರ್ಡಿಗೆ ಬಳಿದಿರುವ ಹಸಿರು ರಕ್ಷಣಾ ಲೇಪದ ಕೆಳಗೆ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಇಲ್ಲಿ ಬೇಕಾದದ್ದು ಮೆದುವಾದ ಹುಳಿ: ಅಂಗಡಿಯ ಬಿಳಿ ವಿನೆಗರ್, ಇಲ್ಲವೆ ನೀರಿನಲ್ಲಿ ಕರಗಿಸಿದ ನಿಂಬೆಹುಳಿ ಪುಡಿ. ಹಳೆಯ ಸೋರಿಕೆಯ ಮೇಲೆ ವಿನೆಗರ್ ಬಿದ್ದಾಗ ನೊರೆ ಬರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಷಾರವು ಕಾರ್ಬೊನೇಟಿನ ಬಿಳಿ ಪುಡಿಯಾಗಿ ಕೂತಿರುವುದೇ ಆ ನೊರೆಗೆ ಕಾರಣ. ಆದ್ದರಿಂದ ‘ಆಸಿಡ್ ಸೋರಿ’ ತೆಗೆದು ‘ಕ್ಷಾರ ಸೋರಿ’ ಎಂದು ಬರೆಯಿರಿ. ‘ಪ್ರತ್ಯಾಮ್ಲ’ ಬೇಡ, ಪಾಠದ ವಾಸನೆ ಹೊಡೆಯುತ್ತದೆ.

‘ತೊಳೆದು’ ಎಂಬುದೂ ತೀರ ಮೊಟಕು. ಮೊದಲು ಬ್ಯಾಟರಿಯನ್ನು ಕತ್ತರಿಸಿ ತೆಗೆಯಬೇಕು. ಕ್ಯಾಡ್ಮಿಯಂ ವಿಷ, ಕೈಗವಸು ಇರಲಿ, ಒಣಗಿದ ಮಡ್ಡಿಯನ್ನು ಕೆರೆದು ಧೂಳೆಬ್ಬಿಸಬಾರದು. ಸಾಕೆಟ್ಟಿನ ಚಿಪ್ಪುಗಳನ್ನು ಬಿಚ್ಚಿಟ್ಟು, ಹಲ್ಲುಜ್ಜುವ ಬ್ರಶ್ಶಿನಿಂದ ವಿನೆಗರ್ ಹಚ್ಚಿ, ನೊರೆ ನಿಂತ ಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಬೇಕು. ವಿನೆಗರ್ ಉಳಿದರೆ ಅದೂ ತಾಮ್ರಕ್ಕೆ ಶತ್ರುವೇ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿದರೆ ಬೇಗ ಒಣಗುತ್ತದೆ. ‘ಕಿಲುಬು’ ಎಂದ ಕೂಡಲೇ ಯಾರಾದರೂ ಹುಣಸೆಹಣ್ಣು-ಉಪ್ಪು ತಂದಾರು, ಒಂದು ಎಚ್ಚರಿಕೆ ಸೇರಿಸಿ. ಹುಣಸೆಯ ತಿರುಳು ಚಿಪ್ಪಿನ ಕಾಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಉಪ್ಪು ಹೊಸ ಕಿಲುಬಿಗೆ ದಾರಿ ಮಾಡುತ್ತದೆ.

‘ತವರ ಲೇಪಿಸಿ’ ಎನ್ನುವುದಕ್ಕೆ ನಮ್ಮಲ್ಲಿ ಚೊಕ್ಕವಾದ ಪದವಿದೆ: ಕಲಾಯಿ. ಹಿತ್ತಾಳೆ ಪಾತ್ರೆಯೊಳಗೆ ತವರ ಬಳಿಯುವ ಕೆಲಸವೂ, ಕೆರೆದು ತೆರೆದ ಟ್ರ್ಯಾಕಿನ ಮೇಲೆ ಸೋಲ್ಡರಿನ ತೆಳು ಪದರ ಹರಡುವ ಕೆಲಸವೂ ಒಂದೇ. ಬರಿಯ ತಾಮ್ರಕ್ಕೆ ಗಾಳಿ ತಾಕದಿರಲಿ ಎಂಬ ಉದ್ದೇಶವೂ ಒಂದೇ. ಐರನ್ನಿನ ತುದಿಗೂ ‘ಕಲಾಯಿ ಹಿಡಿಸು’ ಎನ್ನಬಹುದು. ಇಲ್ಲೂ ಒಂದು ಮಾತು: ಪಾತ್ರೆಯ ಕಲಾಯಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕುತ್ತಾರೆ, ಬೋರ್ಡಿಗೆ ಅದನ್ನು ಮುಟ್ಟಿಸಲೂ ಬಾರದು. ಅದರ ಕ್ಲೋರೈಡ್ ಉಳಿದು ಮತ್ತೆ ಕಿಲುಬು ತರುತ್ತದೆ. ಇಲ್ಲಿ ಸೋಲ್ಡರ್ ಹರಿದು ಕೂರಲು ನೆರವಾಗುವ ರಾಳದ ಫ್ಲಕ್ಸ್ ಮಾತ್ರ. 60/40 (ತವರ-ಸೀಸ) ಸೋಲ್ಡರಿಗೆ ಐರನ್ 320ರಿಂದ 350 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಕೆರೆಯಲು ಫೈಬರ್‌ಗ್ಲಾಸ್ ಪೆನ್ನು, ತಾಮ್ರ ಕೆಂಪಗೆ ಹೊಳೆಯುವವರೆಗೆ. ಕಪ್ಪು ಉಳಿದ ಕಡೆ ಕಲಾಯಿ ಕೂರುವುದೇ ಇಲ್ಲ.

‘ಒಣ ಬೆಸುಗೆ’ಯಲ್ಲಿ ಒಣಗುವುದೇನೂ ಇಲ್ಲ. ರಿಪೇರಿ ಅಂಗಡಿಗಳಲ್ಲಿ ‘ಡ್ರೈ ಸೋಲ್ಡರ್’ ಎನ್ನುತ್ತಾರೆ, ಹಾಗೇ ಇಡಬಹುದು. ಕನ್ನಡವೇ ಬೇಕೆಂದರೆ ‘ಹುಸಿ ಬೆಸುಗೆ’ ಎನ್ನಿ: ಕೂಡಿದಂತೆ ಕಾಣುತ್ತದೆ, ಕೂಡಿರುವುದಿಲ್ಲ. ಅಂದಹಾಗೆ, ಮಂಕಾದ ಸೋಲ್ಡರ್ ಸುಲಭವಾಗಿ ಕರಗದು. ಕಾಯಿಸುತ್ತಾ ಹೋದರೆ ಅದರ ಅಡಿಯ ತಾಮ್ರದ ಬಿಲ್ಲೆ, ಅಂದರೆ ಪ್ಯಾಡೇ ಕಿತ್ತು ಬರುತ್ತದೆ. ಅದರ ಮೇಲೆ ಹೊಸ ಸೋಲ್ಡರ್ ಹಾಕಿ, ಎರಡೂ ಬೆರೆತ ಮೇಲೆ ಹೀರಿ ತೆಗೆಯಬೇಕು. ಬ್ಯಾಟರಿಯ ಹತ್ತಿರದ ‘ಗ್ಯಾರಿ’ ಎಂಬ ಹೆಸರಿನ ಚಿಪ್ಪಿನ ಸಾಕೆಟ್ಟನ್ನು ಹೀಗೆ ಬಿಚ್ಚಿಯೇ ನೋಡಬೇಕು, ಮೇಲೆ ಚೊಕ್ಕವಾಗಿ ಕಂಡರೂ ಅಡಿಯಲ್ಲಿ ಕಿಲುಬು ಅಡಗಿರುತ್ತದೆ.

‘ನಿರಂತರತೆ’ ಬಿಡಿ. ‘ಟ್ರ್ಯಾಕ್ ಕಡಿದಿದೆಯೇ ನೋಡಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಬೀಪ್ ಬಂದರೆ ಸರಿ’ ಎಂದು ಮಾತ್ರ ಬರೆಯಬೇಡಿ. ಹಲವು ಮಲ್ಟಿಮೀಟರುಗಳು 30 ಓಮ್ ಇದ್ದರೂ ಬೀಪ್ ಎನ್ನುತ್ತವೆ. ಕಿಲುಬು ತಿಂದು ಕೂದಲಿನಷ್ಟು ಉಳಿದ ಟ್ರ್ಯಾಕೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅಂಕಿ ಓದಬೇಕು, ಮೀಟರಿನ ತಂತಿಗಳದ್ದನ್ನು ಕಳೆದು 1 ಓಮಿಗಿಂತ ಕಡಿಮೆ ಇರಬೇಕು. ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಹೋಗುವ ಸಣ್ಣ ತೂತುಗಳ ಒಳಲೇಪವೂ ಕೊಳೆಯುತ್ತದೆ, ಎರಡೂ ಬದಿಯಿಂದ ಅಳೆಯಿರಿ. ಕಡಿದಲ್ಲಿ 30 ಗೇಜಿನ ತಂತಿಯ ಜಂಪರ್ ಹಾಕಿ ಎರಡು ತುದಿ ಸೇರಿಸಿ.

ಕರೆಂಟ್ ಕೊಡುವ ಮುನ್ನ 5 ವೋಲ್ಟ್ ಲೈನಿಗೂ ಗ್ರೌಂಡಿಗೂ ನಡುವೆ ಶಾರ್ಟ್ ಇಲ್ಲವೆಂದು ನೋಡಲು ಹೇಳಿ, ಕರಡಿನಲ್ಲಿ ಅದೇ ಬಿಟ್ಟುಹೋಗಿದೆ. ಆನ್ ಮಾಡಿದಾಗ ಪರದೆ ಹಸಿರಾಗಿ ನಿಂತರೆ ಯಂತ್ರ ಚಿಪ್ ರ್ಯಾಮಿನ (ಚಿತ್ರ, ಧ್ವನಿಯ ಚಿಪ್ಪುಗಳೂ ಬಳಸುವ ಮೆಮೊರಿಯ) ದೋಷ ಹೇಳುತ್ತಿದೆ, ಕೆಂಪಾದರೆ ಕಿಕ್‌ಸ್ಟಾರ್ಟ್ ರೋಮಿನದು (ಯಂತ್ರ ಶುರುವಾಗಲು ಬೇಕಾದ ತಂತ್ರಾಂಶವಿರುವ ಚಿಪ್ಪಿನದು). ಹಸಿರು ಕಂಡೊಡನೆ ರ್ಯಾಮ್ ಬದಲಿಸುವುದು ಬೇಡ. ಸೋರಿದ ಬೋರ್ಡಿನಲ್ಲಿ ರ್ಯಾಮ್ ಗಟ್ಟಿಯಾಗಿದ್ದು, ಅದಕ್ಕೆ ಹೋಗುವ ಟ್ರ್ಯಾಕ್ ಕಡಿದಿರುವುದು ಸಾಮಾನ್ಯ. ಕೈಪಿಡಿಯಲ್ಲಿ ‘ಹಸಿರು ದೋಷ’ ಎಂದು ಬರೆದರೆ ಕಿಲುಬೋ ಪರದೆಯೋ ತಿಳಿಯದು, ‘ಹಸಿರು ಪರದೆ’ ಎಂದೇ ಇರಲಿ.

ನಿಮ್ಮ ಸಾಲನ್ನು ಹೀಗೆ ಮಾಡಬಹುದು:

“ಬ್ಯಾಟರಿಯ ಕ್ಷಾರ ಸೋರಿ ಟ್ರ್ಯಾಕುಗಳಿಗೆ ಕಿಲುಬು ಹಿಡಿದಿದ್ದರೆ, ವಿನೆಗರಿನಿಂದ ಶಮನ ಮಾಡಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಒಣಗಿಸಿ. ತಾಮ್ರ ಹೊಳೆಯುವವರೆಗೆ ಕೆರೆದು ಕಲಾಯಿ ಹಿಡಿಸಿ. ಹುಸಿ ಬೆಸುಗೆಗಳಿಗೆ ಹೊಸ ಸೋಲ್ಡರ್ ಹಾಕಿ. ಪ್ರತಿ ಟ್ರ್ಯಾಕ್ ಕಡಿದಿದೆಯೇ ಎಂದು ಓಮಿನಲ್ಲಿ ಅಳೆದು ನೋಡಿ.”