ಕರೆಂಟ್ ಹೋದಾಗ ಇಂಟರ್ನೆಟ್ ಫೋನ್ ನಡೆಸೋದು ಹೇಗೆ? ಮಾಡಿ ನೋಡಿದವರ ಅನುಭವ

ಕೇಳಿದವರು, ರಾಯಚೂರು:
ನಮ್ಮದು ಚಿಕ್ಕ ನರ್ಸಿಂಗ್ ಹೋಂ. ಹತ್ತು ಇಂಟರ್ನೆಟ್ ಫೋನ್ ಇವೆ, ಒಂದೊಂದಕ್ಕೂ ಒಂದೊಂದು ಅಡಾಪ್ಟರ್. ಕರೆಂಟ್ ಹೋದರೆ ಎಲ್ಲಾ ಬಂದ್, ರಾತ್ರಿ ವಾರ್ಡಿನಿಂದ ಡಾಕ್ಟರಿಗೆ ಫೋನ್ ಮಾಡೋಕೂ ಆಗಲ್ಲ. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡಬಹುದು ಅಂತಾರೆ, ನಿಜವಾ? ಮಾಡಿಸಿದವರು ದಯವಿಟ್ಟು ಹೇಳಿ.

ಗಂಗಾವತಿಯಿಂದ:
ನಿಜ ಸರ್. ನಮ್ಮ ರೈಸ್ ಮಿಲ್‌ನಲ್ಲಿ ಹಾಗೇ ಮಾಡಿದ್ದೇವೆ. ಪಿಒಇ ಅಂತಾರೆ, ಪವರ್ ಓವರ್ ಈಥರ್ನೆಟ್. ಹಳೇ ಲ್ಯಾಂಡ್‌ಲೈನ್ ನೆನಪಿದೆ ಅಲ್ವಾ, ಊರಿಗೆಲ್ಲ ಕರೆಂಟ್ ಇಲ್ಲದಿದ್ದರೂ ಅದು ರಿಂಗ್ ಆಗುತ್ತಿತ್ತು, ಯಾಕಂದ್ರೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತಿತ್ತು. ಇಲ್ಲಿ ಎಕ್ಸ್‌ಚೇಂಜಿನ ಜಾಗದಲ್ಲಿ ನಿಮ್ಮದೇ ಪಿಒಇ ಸ್ವಿಚ್ ಇರುತ್ತದೆ, ಅಂದ್ರೆ ಎಲ್ಲಾ ಫೋನಿನ ಕೇಬಲ್ ಬಂದು ಸೇರೋ ಡಬ್ಬಿ, ಅಷ್ಟೇ. ಹತ್ತು ಫೋನಿಗೆ ಹತ್ತು ಯುಪಿಎಸ್ ಬೇಡ, ಸ್ವಿಚ್ ಇರೋ ಜಾಗಕ್ಕೆ ಒಂದು ಬ್ಯಾಟರಿ ಸಾಕು.

ಮೊದಲು ಫೋನಿನ ಕೆಳಗಿನ ಚೀಟಿ ನೋಡಿ, 802.3ಎಎಫ್ ಅಂತ ಇರಬೇಕು. ಇದು 2003ರಲ್ಲಿ ಬಂದ ಸ್ಟ್ಯಾಂಡರ್ಡ್, ಒಂದು ಪೋರ್ಟಿನಿಂದ 15.4 ವ್ಯಾಟ್ ತನಕ ಕೊಡುತ್ತದೆ. ಸಾಮಾನ್ಯ ಆಫೀಸ್ ಫೋನಿಗೆ ಐದಾರು ವ್ಯಾಟ್ ಸಾಕು. ಕೇಬಲ್ ಉದ್ದ 100 ಮೀಟರ್ ದಾಟಬಾರದು.

ನಾವು ಎಡವಿದ್ದು ಬೇರೆ ಕಡೆ. ಸ್ವಿಚ್ ಹಾಕಿಸಿದ ಮೊದಲ ರಾತ್ರಿಯೇ ಕರೆಂಟ್ ಹೋಯ್ತು. ಎಲ್ಲಾ ಫೋನಿನ ಪರದೆ ಬೆಳಗುತ್ತಿತ್ತು, ನಮಗೆಲ್ಲ ಖುಷಿ. ವೇ ಬ್ರಿಡ್ಜ್ ಹತ್ತಿರ ಭತ್ತದ ಲಾರಿ ನಿಂತಿತ್ತು, ಅಲ್ಲಿನ ಹುಡುಗ ಸಾಹುಕಾರರಿಗೆ ಫೋನ್ ಮಾಡೋಣ ಅಂತ ರಿಸೀವರ್ ಎತ್ತಿದರೆ ಕಾಲ್ ಹೋಗ್ತಾನೇ ಇಲ್ಲ. ಟಾರ್ಚ್ ಹಿಡಿದು ಹುಡುಕಿದ್ವಿ. ಹೊರಗಿನಿಂದ ಇಂಟರ್ನೆಟ್ ತರೋ ಫೈಬರ್ ಡಬ್ಬಿಯೂ ರೂಟರೂ ಬಾಗಿಲ ಹಿಂದಿನ ಸಾದಾ ಪ್ಲಗ್‌ನಲ್ಲಿದ್ವು, ಒಂದು ದೀಪವೂ ಉರಿಯುತ್ತಿರಲಿಲ್ಲ. ಫೋನಿಗೆ ಜೀವ ಇದ್ದು ಏನು ಮಾಡೋದು, ಹೊರಗೆ ಹೋಗೋ ದಾರಿಯೇ ಮುಚ್ಚಿತ್ತು. ಹಾಗಾಗಿ ಸ್ವಿಚ್, ರೂಟರ್, ಫೈಬರ್ ಡಬ್ಬಿ ಮೂರನ್ನೂ ಒಂದೇ ಬ್ಯಾಟರಿಗೆ ಹಾಕಿ. ಇದೊಂದನ್ನು ಮರೀಬೇಡಿ.

ಕೇಳಿದವರು:
ಎಷ್ಟು ಹೊತ್ತು ಬರುತ್ತದೆ? ನಮ್ಮಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ.

ಗಂಗಾವತಿಯಿಂದ:
ಹತ್ತು ಫೋನಿಗೆ 50 ವ್ಯಾಟ್, ಸ್ವಿಚ್ಚು, ರೂಟರು, ಡಬ್ಬಿ ಸೇರಿ ಇನ್ನೊಂದು 40 ಅನ್ನಿ. 12 ವೋಲ್ಟ್ 150 ಎಎಚ್ ಅಂದ್ರೆ 1,800 ವ್ಯಾಟ್ ಅವರ್. ಅದರಲ್ಲಿ ಅರ್ಧ ಬಿಟ್ಟು ಲೆಕ್ಕ ಹಾಕಿದರೂ ಹತ್ತು ಗಂಟೆ. ಆದರೆ ಅದೇ ಇನ್ವರ್ಟರಿಗೆ ವಾರ್ಡಿನ ಫ್ಯಾನುಗಳೂ ಇದ್ದರೆ ಈ ಲೆಕ್ಕ ನಿಲ್ಲಲ್ಲ. ಕಂಪ್ಯೂಟರಿಗೆ ಹಾಕೋ ಚಿಕ್ಕ ಯುಪಿಎಸ್‌ನ 7 ಎಎಚ್ ಬ್ಯಾಟರಿಯಾದರೆ ಅರ್ಧ ಗಂಟೆಯೂ ಕಷ್ಟ.

ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದನ್ನೇ ಇಡಿ. ಇಲ್ಲದಿದ್ದರೆ ಕರೆಂಟಿಂದ ಬ್ಯಾಟರಿಗೆ ಬದಲಾಗೋ ಆ ಕ್ಷಣಕ್ಕೆ ಸ್ವಿಚ್ ಆಫ್ ಆಗಿ, ಎಲ್ಲಾ ಫೋನೂ ಮೊದಲಿಂದ ಆನ್ ಆಗಬೇಕು.

ಬಳ್ಳಾರಿಯಿಂದ:
ನಮ್ಮದು ಜೀನ್ಸ್ ಹೊಲಿಯೋ ಯೂನಿಟ್. ಎರಡು ಮಾತು ಸೇರಿಸ್ತೀನಿ. ಕಡಿಮೆ ರೇಟಿನ ಕೇಬಲ್ ತರಬೇಡಿ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಇರುತ್ತದೆ. ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ದೂರದ ಫೋನಿಗೆ ವೋಲ್ಟೇಜ್ ಸಾಲದೆ ಅದು ಸುಮ್ನೆ ಆಫ್ ಆಗಿ ಆನ್ ಆಗ್ತಿತ್ತು, ಪೂರ್ತಿ ತಾಮ್ರದ್ದು ಎಳೆಸಿದ ಮೇಲೆ ಸರಿಹೋಯ್ತು. ಇನ್ನೊಂದು, ಕೇಬಲ್‌ಗೆ ಕರೆಂಟ್ ಸೇರಿಸೋ ಪ್ಯಾಸಿವ್ ಇಂಜೆಕ್ಟರ್ ಅನ್ನೋ ಡಬ್ಬಿ ಕೊಟ್ಟರೆ ಬೇಡ ಅನ್ನಿ. ಸ್ಟ್ಯಾಂಡರ್ಡ್ ಸ್ವಿಚ್ ಆ ಕಡೆ ಏನಿದೆ ಅಂತ ಪರೀಕ್ಷೆ ಮಾಡಿ ಆಮೇಲೆ ಕರೆಂಟ್ ಬಿಡುತ್ತದೆ, ಇದು ನೋಡದೇ ಬಿಡುತ್ತದೆ.

ಮತ್ತೆ, ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬ್ಯಾಟರಿಯನ್ನು ತಗಡಿನ ಶೀಟಿನ ಕೆಳಗೆ ಇಡಬೇಡಿ, ಬೇಗ ಸಾಯುತ್ತದೆ. ಎಲ್ಲಾ ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿ. ನಿಮ್ಮಲ್ಲಿ ಪೇಷಂಟ್ ಇರ್ತಾರೆ, ಮೇನ್ ಮುಟ್ಟಬೇಡಿ, ಇನ್ವರ್ಟರಿನ ಪ್ಲಗ್ ಮಾತ್ರ ತೆಗೆದು ವಾರ್ಡಿನ ಫೋನಿಂದ ಡಾಕ್ಟರ ಮೊಬೈಲಿಗೆ ಒಂದು ಕಾಲ್ ಮಾಡಿ ನೋಡಿ.