ಆ ಒಂದು ಸಾಲಿಗೆ ಬಾಯಿ ಕಟ್ಟುತ್ತದೆ: ಓದುಗರ ಸ್ಪಂದನ

ಸಕಲೇಶಪುರದ ಸಹೋದರಿಯೊಬ್ಬರು ಕಳೆದ ಸಲ ಬರೆದಿದ್ದರು: ಅಪ್ಪ ತೀರಿಕೊಂಡ ಮೇಲೆ ಅಣ್ಣ ‘ಖಾತೆ ಬದಲಾವಣೆಗೆ’ ಅಂತ ಸಹಿ ಹಾಕಿಸಿಕೊಂಡರು. ಅದು ಹಕ್ಕು ಬಿಡುಗಡೆ ಪತ್ರ ಅಂತ ಆಮೇಲೆ ಗೊತ್ತಾಯಿತು. ಒಂಬತ್ತು ವರ್ಷದಿಂದ ಮಾತಿಲ್ಲ. ಈಗ ಅಣ್ಣನಿಗೆ ಡಯಾಲಿಸಿಸ್ ನಡೆಯುತ್ತಿದೆ. ‘ಪ್ರತಿ ಭಾನುವಾರ ಚರ್ಚಿಗೆ ಹೋಗ್ತೀಯ, ಕ್ಷಮಿಸೋಕೆ ಆಗಲ್ವಾ?’ ಅಂತ ಅಮ್ಮ ಕೇಳುತ್ತಾರೆ. ಪ್ರಾರ್ಥನೆಯಲ್ಲಿ ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಅನ್ನುವ ಸಾಲು ಬಂದರೆ ಬಾಯಿ ಕಟ್ಟುತ್ತದೆ. ಏನು ಮಾಡಲಿ?

ತಂಗಿ, ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ನನ್ನ ಬಾಯಿಯೂ ಅದೇ ಸಾಲಿಗೆ ಕಟ್ಟುತ್ತಿತ್ತು. ನನ್ನದು ಓರಗಿತ್ತಿಯ ಜೊತೆಗಿನ ಮನಸ್ತಾಪ. ಮಗಳ ಮದುವೆ ಮಾತುಕತೆ ನಡೆಯುವಾಗ ಗಂಡಿನ ಕಡೆಯವರಿಗೆ ಇಲ್ಲಸಲ್ಲದ್ದು ಹೇಳಿ ಸಂಬಂಧ ಮುರಿದಳು. ಆರು ವರ್ಷ ಒಂದೇ ಚರ್ಚಿನಲ್ಲಿ ಹಿಂದೆ ಮುಂದೆ ಕೂತೆವು. ಬಲಿಪೂಜೆಯಲ್ಲಿ ಶಾಂತಿ ಕೋರುವ ಹೊತ್ತಿಗೆ ಎಲ್ಲರೂ ಅಕ್ಕಪಕ್ಕ ತಿರುಗಿ ಕೈ ಮುಗಿಯುತ್ತಾರಲ್ಲ, ಆಗ ನಾನು ಜಪಸರ ಹುಡುಕುವ ನೆಪ ಮಾಡಿ ಬ್ಯಾಗಿಗೆ ಕೈ ಹಾಕುತ್ತಿದ್ದೆ. ಆ ಬ್ಯಾಗಿನ ತಳದಲ್ಲಿ ಏನೇನಿತ್ತು ಅಂತ ಈಗಲೂ ಹೇಳಬಲ್ಲೆ. ವಿಕ್ಸ್ ಡಬ್ಬಿ, ಮುದುರಿದ ಬಸ್ ಟಿಕೆಟ್ಟುಗಳು, ಮಗಳ ಹಳೇ ಹೇರ್‌ಪಿನ್. ಆರು ವರ್ಷ ಅವಳ ಮುಖದ ಬದಲು ಅದನ್ನೇ ನೋಡಿದ್ದೇನೆ.

ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡೆ. ‘ಮನಸ್ಸು ಬರೋವರೆಗೆ ಕಾಯಬೇಡಿ. ದಿನಾ ಜಪಸರದ ಒಂದು ಮಣಿ ಅವಳ ಹೆಸರಲ್ಲಿ ಹೇಳಿ, ಸದ್ಯಕ್ಕೆ ಅಷ್ಟು ಸಾಕು’ ಅಂದರು ಫಾದರ್. ಮೊದಲ ತಿಂಗಳು ಹಲ್ಲು ಕಚ್ಚಿಕೊಂಡು ಹೇಳಿದೆ. ಕೆಲವು ದಿನ ಹೇಳಲೇ ಇಲ್ಲ. ಆಮೇಲೆ ಒಂದು ದಿನ ಅವಳಿಗೆ ಮಂಡಿನೋವು ಜಾಸ್ತಿ ಅಂತ ಯಾರೋ ಹೇಳಿದರು. ಅವತ್ತು ರಾತ್ರಿ ಜಪದಲ್ಲಿ ಆ ಮಂಡಿಯನ್ನೂ ಸೇರಿಸಿದ್ದೆ. ಸೇರಿಸಿದ್ದು ನನಗೇ ಆಮೇಲೆ ಗೊತ್ತಾಗಿದ್ದು.

ಈಗ ಮಾತಾಡುತ್ತೇವೆ. ಮೊದಲಿನ ಸಲಿಗೆ ಇಲ್ಲ. ಮಗಳ ವಿಷಯ ಅವಳ ಮುಂದೆ ಎತ್ತುವುದಿಲ್ಲ. ಅಷ್ಟು ದೂರ ಇಟ್ಟುಕೊಂಡಿದ್ದಕ್ಕೆ ನನಗೆ ಅಳುಕಿಲ್ಲ. ನೀವು ಆಸ್ಪತ್ರೆಗೆ ಹೋಗುವುದು ಬಿಡುವುದು ಆಮೇಲಿನ ಮಾತು. ಆ ಸಾಲು ಬಾಯಿಗೆ ಬರದಿದ್ದರೆ ‘ದೇವರೇ, ಇದು ನನ್ನ ಕೈಲಿ ಆಗ್ತಿಲ್ಲ’ ಅಂತ ಹೇಳಿ ಮುಂದಿನ ಸಾಲಿಗೆ ಹೋಗಿ. ಅದೂ ಪ್ರಾರ್ಥನೆಯೇ ಅಲ್ವಾ?
– ಒಬ್ಬ ತಾಯಿ, ಚಿಕ್ಕಮಗಳೂರು

ಸಹೋದರಿ, ನಿಮ್ಮ ತಾಯಿಯ ಮಾತಿಗೆ ನನ್ನದೊಂದು ತಕರಾರಿದೆ. ಏಳು ಸಲ ಕ್ಷಮಿಸಿದರೆ ಸಾಕೇ ಅಂತ ಶಿಷ್ಯ ಪೇತ್ರ ಕೇಳಿದ್ದು, ಯೇಸು ಏಳೆಪ್ಪತ್ತು ಸಲ ಅಂದಿದ್ದು ಎಲ್ಲರಿಗೂ ಬಾಯಿಪಾಠ. ಅದರ ಬೆನ್ನಿಗೇ ಹೇಳಿದ ಸಾಮ್ಯದ ಕಥೆಯ ಲೆಕ್ಕವನ್ನು ಮಾತ್ರ ಯಾರೂ ನೋಡುವುದಿಲ್ಲ. ಅರಸ ಒಬ್ಬ ಆಳಿಗೆ ಹತ್ತು ಸಾವಿರ ತಲಾಂತು ಸಾಲ ಮನ್ನಾ ಮಾಡಿದ. ಆ ಆಳು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ. ದಿನಾರಿ ಅಂದರೆ ಒಂದು ದಿನದ ಕೂಲಿ. ತಲಾಂತು ಅಂದರೆ ಸುಮಾರು 6,000 ದಿನಾರಿ. ಅವನಿಗೆ ಮನ್ನಾ ಆಗಿದ್ದು 6 ಕೋಟಿ ದಿನಗಳ ಕೂಲಿ, ಅವನು ಹಟ ಹಿಡಿದಿದ್ದು 100 ದಿನಗಳ ಕೂಲಿಗೆ. ನೂರು ದಿನದ ಕೂಲಿ ಸಣ್ಣದಾ? ತೋಟದಲ್ಲಿ ದುಡಿಯುವವರನ್ನು ಕೇಳಿ ನೋಡಿ. ನಿಮಗಾದ ನಷ್ಟ ಏನೂ ಅಲ್ಲ ಅಂತ ಯೇಸು ಎಲ್ಲೂ ಹೇಳಿಲ್ಲ. ಅದನ್ನು ಎಣಿಸಿಯೇ ಹೇಳಿದ್ದಾರೆ.

ಬೈಬಲಿನ ಲೂಕ 17ನೇ ಅಧ್ಯಾಯದಲ್ಲಿ, ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅಂತಿದೆ. ಆ ‘ಗದರಿಸು’ ಅನ್ನುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ಇದು ನನಗೆ ತುಂಬಾ ನೋವಿನ ವಿಷಯ. ಹಳೆ ಒಡಂಬಡಿಕೆಯ ಯೋಸೇಫ ಕೂಡ ತನ್ನನ್ನು ಮಾರಿದ ಅಣ್ಣಂದಿರನ್ನು ಕಂಡ ಕೂಡಲೇ ತಬ್ಬಿಕೊಳ್ಳಲಿಲ್ಲ. ಮರೆಗೆ ಹೋಗಿ ಅತ್ತ. ಅವರನ್ನು ಪರೀಕ್ಷಿಸಿದ. ತಮ್ಮನ ಬದಲು ನಾನೇ ಗುಲಾಮನಾಗಿರುತ್ತೇನೆ ಅಂತ ಅವರಲ್ಲೊಬ್ಬನಾದ ಯೆಹೂದ ಹೇಳಿದ ಮೇಲೇ ತಾನು ಯಾರು ಅಂತ ಬಾಯಿಬಿಟ್ಟ.

1999ರ ಜನವರಿಯಲ್ಲಿ ಒಡಿಶಾದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ವಾಹನದಲ್ಲೇ ಸುಟ್ಟರಲ್ಲ, ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕೋರ್ಟಿನ ಕೇಸು ಅದರ ಪಾಡಿಗೆ ನಡೆದು ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆಯೂ ಆಯಿತು. ನೀವೂ ಕ್ಷಮಿಸಿ. ‘ಹೋಗಲಿ ಬಿಡು, ಏನೂ ಆಗಿಲ್ಲ’ ಅಂತ ಮಾತ್ರ ಹೇಳಬೇಡಿ. ಆಗಿದೆ.
– ನಿವೃತ್ತ ಶಿಕ್ಷಕ, ಹಾಸನ

ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವಳಾಗಿ ಎರಡು ಮಾತು. ಉಯಿಲು ಇಲ್ಲದೆ ತಂದೆ ತೀರಿಕೊಂಡರೆ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಪ್ರಕಾರ ಮೂರನೇ ಒಂದು ಪಾಲು ತಾಯಿಗೆ. ಉಳಿದದ್ದರಲ್ಲಿ ಗಂಡು, ಹೆಣ್ಣು ಮಕ್ಕಳಿಗೆ ಸಮಪಾಲು. ಮೋಸದ ಸಹಿ ಪ್ರಶ್ನಿಸಲು ಕಾಲಮಿತಿ ಇದೆ. ಒಂಬತ್ತು ವರ್ಷ ಆಗಿರುವುದರಿಂದ ತಡಮಾಡದೆ ವಕೀಲರನ್ನು ಕಾಣಿ. ಅಮ್ಮನ ಪಾಲು ಏನಾಗಿದೆ ಅಂತಲೂ ಕೇಳಿ.
– ಅರಸೀಕೆರೆ

ಶೆಟ್ಟಿಹಳ್ಳಿಯ ಹಳೇ ಚರ್ಚು ನೋಡಿದ್ದೀರಾ? ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಏರಿದರೆ ಬಹುಪಾಲು ಮುಳುಗುತ್ತದೆ. ನೀರಿಳಿದರೆ ಗೋಡೆಗಳೆಲ್ಲ ಮತ್ತೆ ಕಾಣುತ್ತವೆ. ನನ್ನ ಸಿಟ್ಟೂ ಹಾಗೇ. ಅಪ್ಪನ ಒಂದೇ ಒಂದು ತಪ್ಪನ್ನು ಎಷ್ಟು ಸಲ ಕ್ಷಮಿಸಿದ್ದೇನೋ ಲೆಕ್ಕ ಇಲ್ಲ. ಸಿಟ್ಟು ತಿರುಗಿ ಬಂತು ಅಂತ ಮೊದಲ ಸಲದ ಕ್ಷಮೆ ಸುಳ್ಳಾಗಿರಲಿಲ್ಲ ಅಕ್ಕ.
– ಕಾಲೇಜು ವಿದ್ಯಾರ್ಥಿ, ಹಾಸನ

ನಾನು ನಿಮ್ಮ ಅಣ್ಣನ ಜಾಗದಲ್ಲಿದ್ದವನು. ತಂಗಿಗೆ ಸೇರಬೇಕಾದ ಒಂದೂವರೆ ಎಕರೆ ರೋಬಸ್ಟಾ ತೋಟ ನಾನೇ ಇಟ್ಟುಕೊಂಡೆ. ‘ಅವಳ ಮದುವೆಗೆ ಖರ್ಚು ಮಾಡಿದ್ದೀನಲ್ಲ’ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಒಂದು ಶುಭ ಶುಕ್ರವಾರ ಸಂಜೆ ಅವಳು ಮನೆಗೆ ಬಂದಳು. ಕೂರಲಿಲ್ಲ. ‘ನೀನು ಮಾಡಿದ್ದು ಮೋಸ. ನಾನು ಮರೆತಿಲ್ಲ. ಆದರೆ ನಿನಗೆ ಕೇಡು ಬಯಸೋದನ್ನ ಇವತ್ತಿಂದ ಬಿಟ್ಟಿದ್ದೀನಿ ಅಣ್ಣ, ಅದನ್ನ ಹೇಳೋಕೆ ಬಂದೆ’ ಅಂದಳು. ನನ್ನ ಹೆಂಡತಿ ಕಾಫಿ ಮಾಡೋಕೆ ಒಳಗೆ ಹೋದಳು. ಲೋಟ ತರೋ ಹೊತ್ತಿಗೆ ತಂಗಿ ಗೇಟು ದಾಟಿದ್ದಳು.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಇದಕ್ಕೆ ನನ್ನ ಹತ್ತಿರ ಜವಾಬಿರಲಿಲ್ಲ. ಆದರೂ ಜಮೀನು ವಾಪಸ್ ಬರೆದುಕೊಡೋಕೆ ಎರಡು ವರ್ಷ ತಗೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆರಳಚ್ಚು ಕೊಡುವಾಗ ಕೈ ನಡುಗುತ್ತಿತ್ತು. ತಂಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

ನಿಮ್ಮ ಅಣ್ಣ ಹೀಗೇ ಮಾಡುತ್ತಾರೆ ಅಂತ ನಾನು ಹೇಳಲಾರೆ. ಹೋಗಬೇಕು ಅನಿಸಿದ ದಿನ ಹೋಗಿ. ಡಯಾಲಿಸಿಸ್ ಅಂದರೆ ನಾಲ್ಕು ಗಂಟೆ ಹಾಸಿಗೆಯಲ್ಲೇ ಇರುತ್ತಾರೆ, ಮಾತಿಗೆ ಸಮಯ ಇರುತ್ತದೆ. ಬಾಳೆಹಣ್ಣು, ಎಳನೀರು ತಗೊಂಡು ಹೋಗಬೇಡಿ, ಅವರಿಗೆ ಆಗುವುದಿಲ್ಲ. ಬರಿಗೈಲಿ ಹೋದರೂ ಪರವಾಗಿಲ್ಲ. ನನ್ನ ತಂಗಿ ಹೇಳಿದ ಹಾಗೆ ನಿಂತುಕೊಂಡೇ ಹೇಳಿ ಬಂದರೂ ಸಾಕು.
– ಮೂಡಿಗೆರೆಯ ಒಬ್ಬ ಅಣ್ಣ